ಬೇಟೆ ಮುಗಿದ ಮೇಲೆ

ಬೇಟೆ ಸರಿಯೇ ತಪ್ಪೇ ಎಂಬುದು ಬಹಳ ಹಳೆಯ ಪ್ರಶ್ನೆ. ಧರ್ಮಗಳು ಅದಕ್ಕೆ ತಮ್ಮದೇ ರೀತಿಯಲ್ಲಿ ಉತ್ತರ ಕೊಟ್ಟಿವೆ, ಸರಕಾರಗಳು ಕಾನೂನಿನ ಮೂಲಕ ಉತ್ತರ ಕೊಟ್ಟಿವೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಯ ಕಾಲ ಬಹುಮಟ್ಟಿಗೆ ಮುಗಿಯಿತು. ಕೋವಿ, ತೋಟಾ, ಚರೆ, ಈಡು ಎಂಬ ಮಾತುಗಳು ಈಗ ಮಲೆನಾಡಿನ ಹಿರಿಯರ ನೆನಪಿನಲ್ಲಿ ಮತ್ತು ಶಿಕಾರಿ ಕತೆಗಳ ಪುಸ್ತಕಗಳಲ್ಲಿ ಉಳಿದಿರುವುದೇ ಹೆಚ್ಚು.

ಆದರೆ ಬೇಟೆಗೆ ಕಾನೂನಿನ ಒಪ್ಪಿಗೆ ಇರುವ ಅಮೆರಿಕ ಮತ್ತು ಯುರೋಪಿನ ದೇಶಗಳಲ್ಲಿ ಕೆಲವು ದಶಕಗಳಿಂದ ಇನ್ನೊಂದು ಪ್ರಶ್ನೆಯ ಮೇಲೆ ಬಿಸಿಬಿಸಿ ಚರ್ಚೆ ನಡೆಯುತ್ತಿದೆ. ಕೊಲ್ಲಲು ಬಳಸುವ ಗುಂಡು ಯಾವ ಲೋಹದ್ದಾಗಿರಬೇಕು? ಶತಮಾನಗಳಿಂದ ಬಂದ ಸೀಸವೇ ಮುಂದುವರಿಯಲಿ ಎನ್ನುವವರು ಒಂದು ಕಡೆ. ತಾಮ್ರ, ಉಕ್ಕು, ಬಿಸ್ಮತ್‌ನಂಥ ವಿಷವಲ್ಲದ ಲೋಹಕ್ಕೆ ಬದಲಾಗಲಿ ಎನ್ನುವವರು ಇನ್ನೊಂದು ಕಡೆ. ಮೇಲ್ನೋಟಕ್ಕೆ ಇದು ಮದ್ದುಗುಂಡಿನ ಅಂಗಡಿಯಲ್ಲಿ ತೀರ್ಮಾನವಾಗಬೇಕಾದ ವಿಷಯ. ಸ್ವಲ್ಪ ಒಳಗೆ ಇಳಿದು ನೋಡಿದರೆ ಅದರ ಕೆಳಗೆ ನಮಗೆಲ್ಲರಿಗೂ ಸಂಬಂಧಿಸಿದ ಒಂದು ನೈತಿಕ ಪ್ರಶ್ನೆ ಇದೆ. ನಾವು ಮಾಡಿದ ಕೆಲಸಕ್ಕೆ ನಮ್ಮ ಹೊಣೆ ಎಲ್ಲಿಯವರೆಗೆ? ನಾವು ಬಯಸದ, ನಾವು ಕಣ್ಣಾರೆ ಕಾಣದ ಪರಿಣಾಮಕ್ಕೂ ನಾವು ಉತ್ತರ ಕೊಡಬೇಕೇ?

ಸೀಸ ಮಾಡುವ ಕೆಲಸ

ಸೀಸ ಮೃದುವಾದ, ಭಾರವಾದ, ಅಗ್ಗದ ಲೋಹ. ಕಡಿಮೆ ಬಿಸಿಗೆ ಕರಗುತ್ತದೆ, ಬೇಕಾದ ಅಚ್ಚಿಗೆ ಇಳಿಯುತ್ತದೆ. ಗುಂಡು ತಯಾರಿಸಲು ಇದಕ್ಕಿಂತ ಅನುಕೂಲವಾದದ್ದು ಇರಲಿಲ್ಲ. ಆದರೆ ಮೃದುತ್ವವೇ ಅದರ ದೋಷವೂ ಹೌದು. ರೈಫಲ್ಲಿನಿಂದ ಹೊರಟ ಸೀಸದ ಗುಂಡು ಜಿಂಕೆಯ ದೇಹಕ್ಕೆ ಹೊಕ್ಕಾಗ ಪುಡಿಪುಡಿಯಾಗಿ ಚೆದುರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಗಾಯದಿಂದ ದೂರದ ಮಾಂಸಕ್ಕೂ ಹೋಗಿ ಸೇರುತ್ತವೆ. ಅಮೆರಿಕದ ಸಂಶೋಧಕರು ಬೇಟೆಗಾರರು ಕಾಡಿನಲ್ಲೇ ಬಿಟ್ಟುಹೋದ ಜಿಂಕೆಯ ಕರುಳು ಮತ್ತಿತರ ಒಳಭಾಗಗಳ 20 ರಾಶಿಗಳನ್ನು ಎಕ್ಸ್‌ರೇ ಮಾಡಿ ನೋಡಿದರು. 18 ರಾಶಿಗಳಲ್ಲಿ ಸೀಸದ ಚೂರುಗಳಿದ್ದವು. ಕೆಲವುಗಳಲ್ಲಿ ಇನ್ನೂರಕ್ಕೂ ಹೆಚ್ಚು. ಈ ವರದಿ ಪ್ರಕಟವಾದದ್ದು 2006ರಲ್ಲಿ. ತಾಮ್ರದ ಗುಂಡು ಹೀಗೆ ಪುಡಿಯಾಗುವುದಿಲ್ಲ. ಅದು ಹೂವಿನ ಎಸಳಿನಂತೆ ಬಿರಿದು ಬಹುಪಾಲು ಒಂದೇ ತುಂಡಾಗಿ ಉಳಿಯುತ್ತದೆ.

ಹಕ್ಕಿಗಳನ್ನು ಹೊಡೆಯುವ ಚರೆಯದು ಬೇರೆಯೇ ಕತೆ. ಒಂದು ತೋಟಾದಲ್ಲಿ ನೂರಾರು ಚರೆಗಳಿರುತ್ತವೆ. ಹಕ್ಕಿಗೆ ತಾಗುವವು ಕೆಲವೇ. ಉಳಿದವು ಕೆರೆಯ ತಳಕ್ಕೆ, ಜವುಗು ನೆಲಕ್ಕೆ ಬೀಳುತ್ತವೆ. ಬಾತುಕೋಳಿಗಳಿಗೆ ಹಲ್ಲಿಲ್ಲ. ಕಾಳನ್ನು ಅರೆಯಲು ಅವು ಸಣ್ಣ ಹರಳುಗಳನ್ನು ನುಂಗಿ ಹೊಟ್ಟೆಯ ಒಂದು ಭಾಗದಲ್ಲಿ ಇಟ್ಟುಕೊಳ್ಳುತ್ತವೆ. ಹರಳೆಂದು ಅವು ಆರಿಸಿಕೊಂಡದ್ದು ಚರೆಯಾಗಿದ್ದರೆ ಅದು ಅಲ್ಲೇ ಅರೆದು ಕರಗಿ ರಕ್ತಕ್ಕೆ ಸೇರುತ್ತದೆ. ಅಮೆರಿಕದಲ್ಲಿ ಪ್ರತಿ ವರ್ಷ ನೀರುಹಕ್ಕಿಗಳಲ್ಲಿ ನೂರಕ್ಕೆ ಎರಡು ಮೂರು ಹೀಗೆ ಸಾಯುತ್ತವೆ ಎಂದು 1959ರಲ್ಲೇ ಅಂದಾಜು ಮಾಡಲಾಗಿತ್ತು. ಲೆಕ್ಕ ಹಿಡಿದರೆ ಅದು ಹತ್ತಾರು ಲಕ್ಷ. ಆದರೂ ನೀರುಹಕ್ಕಿಗಳ ಬೇಟೆಯಲ್ಲಿ ಸೀಸದ ಚರೆಯನ್ನು ದೇಶಾದ್ಯಂತ ನಿಷೇಧಿಸಲು ಅಮೆರಿಕಕ್ಕೆ 1991ರವರೆಗೆ ಬೇಕಾಯಿತು.

ಒಂದು ಹಕ್ಕಿಯ ಲೆಕ್ಕ

ಈ ಚರ್ಚೆಗೆ ತೀವ್ರತೆ ತಂದದ್ದು ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ರಣಹದ್ದು ಜಾತಿಯ ಹಕ್ಕಿ. ರೆಕ್ಕೆ ಬಿಚ್ಚಿದರೆ ಒಂಬತ್ತು ಅಡಿಗೂ ಹೆಚ್ಚು ಅಗಲ. ಅದು ಕೊಲ್ಲುವ ಹಕ್ಕಿಯಲ್ಲ, ಸತ್ತದ್ದನ್ನು ತಿಂದು ಕಾಡನ್ನು ಚೊಕ್ಕಟವಾಗಿಡುವ ಹಕ್ಕಿ. ಒಮ್ಮೆಗೆ ಒಂದೇ ಮೊಟ್ಟೆ, ಅದೂ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ. 1982ರಲ್ಲಿ ಲೋಕದಲ್ಲಿ ಉಳಿದಿದ್ದ ಕಾಂಡೋರ್‌ಗಳು 22. 1987ರಲ್ಲಿ ಕಾಡಿನಲ್ಲಿದ್ದ ಕೊನೆಯ ಹಕ್ಕಿಯನ್ನೂ ಹಿಡಿದು ಪಂಜರದಲ್ಲಿಟ್ಟು ಸಾಕಿದರು. 1992ರಿಂದ ಮರಿಗಳನ್ನು ಮತ್ತೆ ಕಾಡಿಗೆ ಬಿಡತೊಡಗಿದರು. ಇಂದು ಅವುಗಳ ಸಂಖ್ಯೆ ಐನೂರನ್ನು ದಾಟಿದೆ. ಈ ಯಶಸ್ಸಿನ ಹಿಂದೆ ಎಷ್ಟು ಜನರ ದುಡಿಮೆ, ಎಷ್ಟು ಹಣ ಇದೆಯೆಂಬುದನ್ನು ನಾವು ಊಹಿಸಬಹುದು.

ಆದರೂ ಕಾಡಿನ ಕಾಂಡೋರ್‌ಗಳು ಸಾಯುವ ಕಾರಣಗಳಲ್ಲಿ ಸೀಸದ ವಿಷವೇ ಮುಂದಿದೆ. ಬೇಟೆಗಾರ ಬಿಟ್ಟುಹೋದ ಕರುಳಿನ ರಾಶಿಯನ್ನು ಅದು ತಿನ್ನುತ್ತದೆ. ಹೊಟ್ಟೆಯ ತೀಕ್ಷ್ಣ ಆಮ್ಲ ಸೀಸವನ್ನು ಕರಗಿಸುತ್ತದೆ. ಜೀರ್ಣಾಂಗಗಳ ನರಗಳು ನಿಷ್ಕ್ರಿಯವಾಗುತ್ತವೆ. ತಿಂದದ್ದು ಮುಂದಕ್ಕೆ ಇಳಿಯುವುದಿಲ್ಲ. ಗಂಟಲ ಚೀಲದಲ್ಲಿ ಆಹಾರ ಇದ್ದ ಹಾಗೆಯೇ ಹಕ್ಕಿ ಹಸಿವಿನಿಂದ ಸಾಯುತ್ತದೆ. ಹಾರಾಡುವ ಕಾಂಡೋರ್‌ಗಳಲ್ಲಿ ಸುಮಾರು ನೂರಕ್ಕೆ ಇಪ್ಪತ್ತರ ರಕ್ತದಲ್ಲಿ ಪ್ರತಿ ವರ್ಷ ಚಿಕಿತ್ಸೆ ಬೇಕಾಗುವಷ್ಟು ಸೀಸ ಇರುತ್ತದೆ ಎಂದು 2012ರ ಅಧ್ಯಯನವೊಂದು ತಿಳಿಸಿತು. ಹಕ್ಕಿಗಳನ್ನು ಮತ್ತೆ ಮತ್ತೆ ಹಿಡಿದು, ರಕ್ತ ಪರೀಕ್ಷಿಸಿ, ಔಷಧ ಕೊಟ್ಟು ಬಿಡಬೇಕಾಗಿದೆ. ಒಂದು ಕಾಡುಹಕ್ಕಿ ಆಸ್ಪತ್ರೆಯ ನಂಟಿಲ್ಲದೆ ಬದುಕಲಾರದೆಂದರೆ ಅದು ಕಾಡಿಗೆ ಮರಳಿದೆ ಎಂದು ಹೇಗೆ ಹೇಳೋಣ?

ಹದ್ದುಗಳ ಸ್ಥಿತಿಯೂ ಚೆನ್ನಾಗಿಲ್ಲ. ಅಮೆರಿಕದ 38 ರಾಜ್ಯಗಳ 1,210 ಹದ್ದುಗಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಹಕ್ಕಿಗಳ ಎಲುಬಿನಲ್ಲಿ ದೀರ್ಘಕಾಲದ ಸೀಸವಿಷದ ಗುರುತು ಸಿಕ್ಕಿತು.

ದಾನದ ಮಾಂಸ

ಇದು ಹಕ್ಕಿಗಳ ಪಾಡು ಮಾತ್ರವಾಗಿದ್ದರೆ ಹಲವರು ಅಯ್ಯೋ ಎಂದು ಸುಮ್ಮನಾಗುತ್ತಿದ್ದರೇನೋ. 2008ರಲ್ಲಿ ಅಮೆರಿಕದ ನಾರ್ತ್ ಡಕೋಟಾ ರಾಜ್ಯದಲ್ಲಿ ಇನ್ನೊಂದು ಸಂಗತಿ ಹೊರಬಂತು. ಅಲ್ಲಿ ಬೇಟೆಗಾರರು ತಮ್ಮ ಪಾಲಿನ ಜಿಂಕೆ ಮಾಂಸವನ್ನು ಬಡವರಿಗೆ ಆಹಾರ ಹಂಚುವ ಕೇಂದ್ರಗಳಿಗೆ ದಾನ ಮಾಡುವ ಪದ್ಧತಿ ಇದೆ. ಒಳ್ಳೆಯ ಪದ್ಧತಿ. ಸ್ವತಃ ಬೇಟೆಗಾರರಾಗಿದ್ದ ಒಬ್ಬ ವೈದ್ಯರು ಅಂಥ ಮಾಂಸದ ಸುಮಾರು ನೂರು ಪೊಟ್ಟಣಗಳನ್ನು ಸ್ಕ್ಯಾನ್ ಮಾಡಿಸಿದರು. ಅರ್ಧಕ್ಕಿಂತ ಹೆಚ್ಚು ಪೊಟ್ಟಣಗಳಲ್ಲಿ ಲೋಹದ ಚೂರುಗಳು ಕಾಣಿಸಿದವು. ರಾಜ್ಯದ ಆರೋಗ್ಯ ಇಲಾಖೆ ದಾನದ ಮಾಂಸವನ್ನು ಎಸೆದುಬಿಡಿ ಎಂದು ಕೇಂದ್ರಗಳಿಗೆ ಸೂಚಿಸಿತು.

ನಂತರ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಆ ರಾಜ್ಯದ ಏಳುನೂರಕ್ಕೂ ಹೆಚ್ಚು ಜನರ ರಕ್ತ ಪರೀಕ್ಷಿಸಿತು. ಬೇಟೆಯ ಮಾಂಸ ತಿನ್ನುವವರ ರಕ್ತದಲ್ಲಿ ತಿನ್ನದವರಿಗಿಂತ ಸೀಸ ಹೆಚ್ಚಿತ್ತು. ಆದರೆ ಆಗ ಅಪಾಯದ ಗಡಿ ಎನ್ನಿಸಿಕೊಂಡಿದ್ದ ಮಟ್ಟವನ್ನು ಯಾರೂ ಮುಟ್ಟಿರಲಿಲ್ಲ. ಈ ಒಂದೇ ಫಲಿತಾಂಶವನ್ನು ಎರಡೂ ಪಕ್ಷಗಳು ತಮ್ಮ ಗೆಲುವು ಎಂದು ಸಾರಿದವು. ನೋಡಿ, ಯಾರಿಗೂ ಏನೂ ಆಗಿಲ್ಲ ಎಂದರು ಒಬ್ಬರು. ನೋಡಿ, ಸೀಸ ದೇಹಕ್ಕೆ ಹೋಗುತ್ತಿದೆ ಎಂದರು ಇನ್ನೊಬ್ಬರು. ಈಗ ವಿಶ್ವ ಆರೋಗ್ಯ ಸಂಸ್ಥೆಯ ನಿಲುವು ಸ್ಪಷ್ಟವಾಗಿದೆ. ಹಾನಿ ಮಾಡದ ಸೀಸದ ಮಟ್ಟ ಎಂಬುದೇ ಗೊತ್ತಿಲ್ಲ. ಅದರ ಏಟು ಹೆಚ್ಚಾಗಿ ಬೀಳುವುದು ಬೆಳೆಯುವ ಮಗುವಿನ ಮೆದುಳಿಗೆ. ನಾರ್ತ್ ಡಕೋಟಾದ ಆರೋಗ್ಯ ಇಲಾಖೆ ಗರ್ಭಿಣಿಯರು ಮತ್ತು ಆರು ವರ್ಷದೊಳಗಿನ ಮಕ್ಕಳು ಸೀಸದ ಗುಂಡಿನಿಂದ ಹೊಡೆದ ಮಾಂಸ ತಿನ್ನಬಾರದೆಂದು ಸಲಹೆ ಕೊಟ್ಟಿತು.

ಕೊಟ್ಟವನ ಮನಸ್ಸು ಶುದ್ಧವಾಗಿತ್ತು. ತೆಗೆದುಕೊಂಡವನಿಗೆ ಆಯ್ಕೆ ಇರಲಿಲ್ಲ. ನಡುವೆ ಇದ್ದ ವಿಷ ಇಬ್ಬರಿಗೂ ಕಾಣುತ್ತಿರಲಿಲ್ಲ. ಇಂಥ ಸಂದರ್ಭದಲ್ಲಿ ತಪ್ಪು ಯಾರದು?

ಹಲಾಲ್ ಮತ್ತು ತಯ್ಯಿಬ್

ಇಸ್ಲಾಮ್ ಆಹಾರಕ್ಕಾಗಿ ಬೇಟೆಯನ್ನು ಅನುಮತಿಸಿದೆ, ಅದಕ್ಕೆ ಶಿಸ್ತನ್ನೂ ವಿಧಿಸಿದೆ. ಬಾಣ ಬಿಡುವಾಗ, ಪಳಗಿಸಿದ ನಾಯಿಯನ್ನು ಬಿಡುವಾಗ ಅಲ್ಲಾಹನ ಹೆಸರು ಹೇಳಬೇಕು. ಹಜ್ಜಿನ ಇಹ್ರಾಮ್‌ನಲ್ಲಿರುವಾಗ ನೆಲದ ಮೇಲಿನ ಬೇಟೆ ನಿಷಿದ್ಧ. ಜೀವಿಯನ್ನು ಗುರಿಯ ಆಟಕ್ಕೆ ಬಳಸುವುದನ್ನು ಪ್ರವಾದಿಯವರು(ಸ) ತಡೆದಿದ್ದಾರೆ.

ಕೋವಿ ಬಂದಾಗ ನಮ್ಮ ವಿದ್ವಾಂಸರ ಮುಂದೆ ಹೊಸ ಪ್ರಶ್ನೆಯೊಂದು ನಿಂತಿತು. ಚೂಪಾದ ಆಯುಧ ಸೀಳಿದ್ದರಿಂದ ಸತ್ತ ಬೇಟೆ ಆಗಬಹುದು, ಭಾರದ ಹೊಡೆತಕ್ಕೆ ಜಜ್ಜಿ ಸತ್ತದ್ದು ಆಗದು ಎಂಬುದು ಹಳೆಯ ನಿಯಮ. ಹಾಗಾದರೆ ಗುಂಡು ಸೀಳುತ್ತದೆಯೇ, ಜಜ್ಜುತ್ತದೆಯೇ? ನಮ್ಮ ಉಪಖಂಡದ ಹನಫೀ ಉಲೇಮಾಗಳಲ್ಲಿ ಹೆಚ್ಚಿನವರು ಗುಂಡು ಜಜ್ಜುತ್ತದೆ, ಆದ್ದರಿಂದ ಪ್ರಾಣ ಹೋಗುವ ಮುನ್ನ ಕೊಯ್ಯದಿದ್ದರೆ ಆ ಮಾಂಸ ಆಗದು ಎಂದರು. ಯಮನಿನ ವಿದ್ವಾಂಸ ಶೌಕಾನಿಯವರು ಗುಂಡು ತೂರಿಕೊಂಡು ಹೋಗುತ್ತದೆ, ಆದ್ದರಿಂದ ಆಗುತ್ತದೆ ಎಂದರು. ಈ ಚರ್ಚೆಯನ್ನು ಕೇಳಿ ಕೆಲವರು ನಗಬಹುದು. ನಮಗೆ ಅದರಲ್ಲಿ ಗೌರವ ಕಾಣುತ್ತದೆ. ಒಂದು ಹೊಸ ಆಯುಧ ಬಂದ ಕೂಡಲೇ ಅದು ಪ್ರಾಣಿಯ ದೇಹದೊಳಗೆ ಏನು ಮಾಡುತ್ತದೆ ಎಂದು ಕುಳಿತು ಯೋಚಿಸಿದ ಜನ ಅವರು. ಅಂದು ಅವರ ಬಳಿ ಎಕ್ಸ್‌ರೇ ಇರಲಿಲ್ಲ. ಇಂದು ಇದೆ. ಅದೇ ಪ್ರಶ್ನೆಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯುವ ಹೊಣೆ ನಮ್ಮ ತಲೆಮಾರಿನದು.

ಪವಿತ್ರ ಕುರ್‌ಆನ್ ಆಹಾರದ ವಿಷಯ ಬಂದಾಗ ಹಲಾಲ್ ಎಂಬ ಮಾತಿನ ಜೊತೆಯಲ್ಲೇ ತಯ್ಯಿಬ್ ಎಂಬ ಮಾತನ್ನೂ ಇಟ್ಟಿದೆ. ಹಲಾಲ್ ಎಂದರೆ ಅನುಮತಿಸಲ್ಪಟ್ಟದ್ದು, ತಯ್ಯಿಬ್ ಎಂದರೆ ಒಳ್ಳೆಯದು, ಶುದ್ಧವಾದದ್ದು, ಹಿತವಾದದ್ದು. ಮೊದಲನೆಯದರ ಬಗ್ಗೆ ನಾವು ಬಹಳ ಜಾಗರೂಕರು. ಮಾಂಸದಂಗಡಿಯಲ್ಲಿ ಕೊಯ್ದವರು ಯಾರು ಎಂದು ಕೇಳದೆ ಕೊಳ್ಳುವುದಿಲ್ಲ. ಎರಡನೆಯದನ್ನು ಕೇಳುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಹಲಾಲ್ ಪ್ರಾಣಿಯ ಸಾವಿನ ಕ್ಷಣವನ್ನು ನೋಡುತ್ತದೆ. ತಯ್ಯಿಬ್ ಅಲ್ಲಿಂದ ಮುಂದೆ, ತಿನ್ನುವ ಬಾಯಿಯವರೆಗೆ ನೋಡುತ್ತದೆ ಎಂದು ನಾವು ಅರ್ಥ ಮಾಡಿಕೊಳ್ಳುತ್ತೇವೆ.

ಆ ತಿನ್ನುವ ಬಾಯಿ ಮನುಷ್ಯನದೇ ಆಗಬೇಕೆಂದಿಲ್ಲ. ನೆಟ್ಟ ಮರದ ಹಣ್ಣನ್ನು ಹಕ್ಕಿ ತಿಂದರೂ ಅದು ನೆಟ್ಟವನ ಪಾಲಿಗೆ ಸದಕಾ ಎಂದು ಪ್ರವಾದಿಯವರು(ಸ) ಕಲಿಸಿದ್ದು ನಮಗೆಲ್ಲ ಗೊತ್ತಿರುವ ವಿಷಯ. ನೆಟ್ಟವನು ಆ ಹಕ್ಕಿಯನ್ನು ಕಂಡಿರುವುದಿಲ್ಲ, ಅದಕ್ಕೆಂದು ನೆಟ್ಟೂ ಇರುವುದಿಲ್ಲ. ಆದರೂ ಪುಣ್ಯ ಅವನ ಖಾತೆಗೆ ಸೇರುತ್ತದೆ. ಉದ್ದೇಶಿಸದ ಒಳಿತು ನಮ್ಮ ಲೆಕ್ಕಕ್ಕೆ ಸೇರುವುದಾದರೆ, ತಿಳಿದೂ ತಡೆಯದ ಕೆಡುಕನ್ನು ಆ ಲೆಕ್ಕದಿಂದ ಹೊರಗಿಡಿ ಎಂದು ನಾವು ಯಾವ ಬಾಯಿಂದ ಕೇಳೋಣ? ಹಾನಿಯನ್ನು ನಿವಾರಿಸಬೇಕೆಂಬುದು ಫಿಕ್ಹ್‌ನ ಮೂಲಸೂತ್ರಗಳಲ್ಲಿ ಒಂದು. ಕೊಯ್ಯುವ ಮುನ್ನ ಚೂರಿಯನ್ನು ಹರಿತ ಮಾಡಿಕೊಳ್ಳಬೇಕೆಂಬ ಪ್ರವಾದಿ ವಚನದ ತಿರುಳೂ ಇದೇ. ಕೊಲ್ಲುವ ಹಕ್ಕು ಸಿಕ್ಕಿದವನಿಗೆ ಆಯುಧವನ್ನು ಸರಿಯಾಗಿ ಆರಿಸುವ ಹೊಣೆಯೂ ಅಂಟಿಕೊಂಡು ಬರುತ್ತದೆ.

ಬೇಟೆಗಾರನ ಅಹವಾಲು

ಇನ್ನೊಂದು ಪಕ್ಷದ ಮಾತನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಬೇಟೆಗಾರರ ವಾದದಲ್ಲಿ ಹುರುಳಿದೆ. ತಾಮ್ರದ ಗುಂಡು ಸಾಮಾನ್ಯವಾಗಿ ದುಬಾರಿ. ಚಳಿಗಾಲದ ಮಾಂಸಕ್ಕೆ ಒಂದು ಜಿಂಕೆಯನ್ನೇ ನಂಬಿದ ಹಳ್ಳಿಯ ಬಡ ಕುಟುಂಬಕ್ಕೂ ಮೋಜಿಗೆ ಬರುವ ಶ್ರೀಮಂತನಿಗೂ ಈ ಬೆಲೆ ಒಂದೇ ಅಲ್ಲ. ಉಕ್ಕಿನ ಚರೆ ಸೀಸಕ್ಕಿಂತ ಹಗುರ. ದೂರದಿಂದ ಹೊಡೆದರೆ ಹಕ್ಕಿ ಸಾಯದೆ ಗಾಯಗೊಂಡು ನರಳಬಹುದು. ಅಜ್ಜನ ಕಾಲದ ಕೋವಿಯ ನಳಿಗೆಗೆ ಗಟ್ಟಿ ಉಕ್ಕು ಒಗ್ಗುವುದಿಲ್ಲ. ಇವುಗಳ ಜೊತೆಗೆ ಇನ್ನೊಂದು ಸತ್ಯವೂ ಇದೆ. ಅಮೆರಿಕದಲ್ಲಿ 1937ರ ಕಾನೂನಿನಂತೆ ಬಂದೂಕು ಮತ್ತು ಮದ್ದುಗುಂಡಿನ ಮೇಲೆ ಹಾಕುವ ತೆರಿಗೆ ವನ್ಯಜೀವಿ ಸಂರಕ್ಷಣೆಗೇ ಹೋಗುತ್ತದೆ. ಕಾಡನ್ನು ಉಳಿಸಲು ಹಣ ಕೊಟ್ಟವರು ನಾವು, ನಮ್ಮನ್ನೇ ಅಪರಾಧಿಗಳಂತೆ ನೋಡುತ್ತೀರಾ ಎಂಬ ಅವರ ನೋವು ಸುಳ್ಳಲ್ಲ.

ಎಲ್ಲಕ್ಕಿಂತ ಆಳದಲ್ಲಿರುವುದು ಒಂದು ಸಂಶಯ. ಸೀಸದ ವಿರುದ್ಧ ದನಿಯೆತ್ತುವವರಲ್ಲಿ ಬೇಟೆಯೇ ನಿಲ್ಲಬೇಕೆನ್ನುವವರೂ ಇದ್ದಾರೆ. ಇಂದು ಸೀಸ, ನಾಳೆ ಕೋವಿ, ನಾಳಿದ್ದು ಬೇಟೆ ಎಂದು ಬೇಟೆಗಾರ ಲೆಕ್ಕ ಹಾಕುತ್ತಾನೆ. ಆದ್ದರಿಂದ ಎಕ್ಸ್‌ರೇ ಚಿತ್ರವನ್ನು ಮುಂದಿಟ್ಟರೂ ಅವನು ಚಿತ್ರವನ್ನು ನೋಡುವುದಿಲ್ಲ, ಅದನ್ನು ಹಿಡಿದ ಕೈಯನ್ನು ನೋಡುತ್ತಾನೆ.

ಈ ಮನಸ್ಥಿತಿ ನಮಗೆ ಅಪರಿಚಿತವಲ್ಲ. ಮುಸ್ಲಿಮ್ ಸಮಾಜದ ಕೊರತೆಗಳನ್ನು ಎತ್ತಿ ಆಡುವವರಲ್ಲಿ ನಮ್ಮ ಹಿತ ಬಯಸದವರು ಬಹಳ ಮಂದಿ ಇದ್ದಾರೆ. ವರದಕ್ಷಿಣೆ, ಹೆಣ್ಣುಮಕ್ಕಳ ಓದು, ಹೊಣೆಗೇಡಿ ತಲಾಕ್ ಇವುಗಳ ಬಗ್ಗೆ ಹೊರಗಿನಿಂದ ಬರುವ ಮಾತಿನಲ್ಲಿ ಕಳಕಳಿಗಿಂತ ಕುಹಕವೇ ಹೆಚ್ಚಾಗಿರುತ್ತದೆ. ಅದನ್ನು ಕೇಳಿ ಕೇಳಿ ನಾವೂ ಮಾತಿನ ಸತ್ಯವನ್ನು ತೂಗುವುದನ್ನು ಬಿಟ್ಟು ಆಡಿದವನ ಉದ್ದೇಶವನ್ನು ಮಾತ್ರ ತೂಗತೊಡಗುತ್ತೇವೆ. ಉದ್ದೇಶ ಕೆಟ್ಟದ್ದಾಗಿರಬಹುದು. ಆದರೆ ಕೆಟ್ಟ ಉದ್ದೇಶದವನು ತೋರಿಸಿದ ಮಾತ್ರಕ್ಕೆ ಮಾಂಸದೊಳಗಿನ ಸೀಸ ಕರಗಿಹೋಗುವುದಿಲ್ಲ. ಅದನ್ನು ತಿನ್ನುವುದು ನಮ್ಮದೇ ಮಕ್ಕಳು.

ಕಾನೂನೋ ಮನವೊಲಿಕೆಯೋ

ಹಾಗಾದರೆ ಬದಲಾವಣೆ ಹೇಗೆ ಬರಬೇಕು? ಇಲ್ಲಿ ಮೂರು ದೇಶಗಳ ಅನುಭವ ನಮ್ಮ ಮುಂದಿದೆ.

ಡೆನ್ಮಾರ್ಕ್ ಕಾನೂನಿನ ದಾರಿ ಹಿಡಿಯಿತು. 1996ರಲ್ಲಿ ಸೀಸದ ಚರೆಯನ್ನು ಪೂರ್ತಿ ನಿಷೇಧಿಸಿತು, 2024ರ ಏಪ್ರಿಲ್‌ನಿಂದ ರೈಫಲ್ ಗುಂಡನ್ನೂ. ಬೇಟೆ ಸತ್ತೇ ಹೋಗುತ್ತದೆ ಎಂಬ ಭಯ ನಿಜವಾಗಲಿಲ್ಲ. ಬೇಟೆಗಾರರ ಸಂಖ್ಯೆ ಕುಸಿಯಲಿಲ್ಲ. ಬೇಡಿಕೆ ಬಂದ ಮೇಲೆ ಒಳ್ಳೆಯ ತೋಟಾಗಳೂ ಬಂದವು.

ಬ್ರಿಟನ್ ಸ್ವಯಂಪ್ರೇರಣೆಯ ದಾರಿ ಹಿಡಿಯಿತು. 2020ರಲ್ಲಿ ಅಲ್ಲಿನ ಒಂಬತ್ತು ಸಂಘಟನೆಗಳು ಐದು ವರ್ಷಗಳಲ್ಲಿ ಸೀಸದ ಚರೆಯನ್ನು ತಾವಾಗಿಯೇ ಬಿಡೋಣ ಎಂದು ಸದಸ್ಯರಿಗೆ ಕರೆ ಕೊಟ್ಟವು. ಮೊದಲ ಋತುವಿನಲ್ಲಿ ಸಂಶೋಧಕರು ಚರೆ ಸಿಕ್ಕಿದ 180 ಫೆಸೆಂಟ್ ಹಕ್ಕಿಗಳನ್ನು ಪರೀಕ್ಷಿಸಿದರು. 179ರಲ್ಲಿ ಇದ್ದದ್ದು ಸೀಸವೇ. ಐದು ವರ್ಷ ಕಳೆದರೂ ಚಿತ್ರ ಹೆಚ್ಚು ಬದಲಾಗಲಿಲ್ಲ. ಕೊನೆಗೆ 2025ರ ಜುಲೈಯಲ್ಲಿ ಸರಕಾರವೇ ನಿಷೇಧ ತರುವುದಾಗಿ ಘೋಷಿಸಿತು.

ಅಮೆರಿಕದಲ್ಲಿ ಎರಡೂ ದಾರಿಗಳಿವೆ. ಕ್ಯಾಲಿಫೋರ್ನಿಯಾ ರಾಜ್ಯ 2013ರಲ್ಲಿ ಮಾಡಿದ ಕಾನೂನು 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸವನ್ನು ಪೂರ್ತಿ ನಿಷೇಧಿಸಿತು. ಪಕ್ಕದ ಅರಿಜೋನಾ ನಿಷೇಧ ಹೇರಲಿಲ್ಲ. ಕಾಂಡೋರ್ ಇರುವ ಪ್ರದೇಶದ ಬೇಟೆಗಾರರಿಗೆ 2005ರಿಂದ ಸೀಸವಿಲ್ಲದ ತೋಟಾಗಳನ್ನು ಉಚಿತವಾಗಿ ಕೊಟ್ಟಿತು. ಸೀಸ ಬಳಸಿದರೆ ಕರುಳಿನ ರಾಶಿಯನ್ನು ಕಾಡಿನಲ್ಲಿ ಬಿಡದೆ ಹೊತ್ತು ತನ್ನಿ ಎಂದು ಕೇಳಿಕೊಂಡಿತು. ಹತ್ತರಲ್ಲಿ ಎಂಟು ಮಂದಿಗಿಂತ ಹೆಚ್ಚು ಬೇಟೆಗಾರರು ಸಹಕರಿಸಿದರು. ಬ್ರಿಟನ್ನಿನಲ್ಲಿ ಸೋತ ಮನವೊಲಿಕೆ ಇಲ್ಲಿ ಇಷ್ಟು ನಡೆದದ್ದು ಹೇಗೆ? ಇಲ್ಲಿ ಬರೀ ಉಪದೇಶ ಇರಲಿಲ್ಲ, ಬದಲಾವಣೆಯ ಖರ್ಚನ್ನು ಹಂಚಿಕೊಳ್ಳಲು ಸಮಾಜ ಕೈ ಚಾಚಿತ್ತು ಎಂಬುದು ನಮಗೆ ತೋರುವ ಕಾರಣ.

ಉತ್ತರ ಕ್ಯಾಲಿಫೋರ್ನಿಯಾದ ಯುರೋಕ್ ಬುಡಕಟ್ಟಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರಿಗೆ ಕಾಂಡೋರ್ ಪವಿತ್ರ ಹಕ್ಕಿ. ಅವರೇ ಬೇಟೆಗಾರರೂ ಹೌದು. ಹಕ್ಕಿಯನ್ನು ತಮ್ಮ ನೆಲಕ್ಕೆ ಮರಳಿ ತರುವ ಮೊದಲು ವರ್ಷಗಟ್ಟಲೆ ಬೇಟೆಗಾರರ ನಡುವೆ ಕುಳಿತು ಸೀಸದ ಬಗ್ಗೆ ಮಾತಾಡಿದರು. 2022ರಿಂದ ಹಕ್ಕಿಗಳನ್ನು ಬಿಡತೊಡಗಿದರು. 2025ರ ಆರಂಭದಲ್ಲಿ ಆ ಹಕ್ಕಿಗಳಲ್ಲಿ ಒಂದು ಸತ್ತಿತು. ಪರೀಕ್ಷಿಸಿದಾಗ ಸೀಸದ ವಿಷ ಎಂದು ತಿಳಿಯಿತು. ನಿಷೇಧ ಜಾರಿಗೆ ಬಂದು ಐದು ವರ್ಷಗಳಾದ ಮೇಲೆ!

ಇದರಿಂದ ಕಾನೂನು ವ್ಯರ್ಥ ಎಂದು ತೀರ್ಮಾನಿಸಬೇಕಾಗಿಲ್ಲ. ಬ್ರಿಟನ್ನಿನ ಅನುಭವ ಕಾನೂನು ಏಕೆ ಬೇಕೆಂದು ತೋರಿಸಿದೆ. ಆದರೆ ಕಾಡಿನ ನಡುವೆ ಬೇಟೆಗಾರ ಒಬ್ಬನೇ. ಅವನ ನಳಿಗೆಯಲ್ಲಿ ಯಾವ ಗುಂಡಿದೆಯೆಂದು ನೋಡಲು ಪ್ರತಿ ಮರದ ಬುಡದಲ್ಲೂ ಪೊಲೀಸರನ್ನು ನಿಲ್ಲಿಸಲಾಗುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಅವನೊಳಗಿನ ಎಚ್ಚರ. ಯಾರೂ ನೋಡದ ಜಾಗದಲ್ಲಿ ನೋಡುವವನೊಬ್ಬನಿದ್ದಾನೆ ಎಂಬ ಈ ಎಚ್ಚರವನ್ನೇ ನಾವು ತಕ್ವಾ ಎನ್ನುತ್ತೇವೆ. ದೇವರನ್ನು ನಂಬದವರು ಅದನ್ನು ಆತ್ಮಸಾಕ್ಷಿ ಎನ್ನಬಹುದು.

ನಮ್ಮ ರಣಹದ್ದುಗಳು

ಬೇಟೆಯೇ ಇಲ್ಲದ ನಮ್ಮ ನಾಡಿಗೆ ಇದರಿಂದ ಏನು ಎಂದು ಕೇಳುವವರು ರಾಮನಗರದ ರಾಮದೇವರ ಬೆಟ್ಟವನ್ನು ನೆನೆಯಬೇಕು. ರಣಹದ್ದುಗಳಿಗಾಗಿ 2012ರಲ್ಲಿ ಅಲ್ಲಿ ಧಾಮ ಘೋಷಣೆಯಾಯಿತು. ಭಾರತದ ಆಕಾಶದಲ್ಲಿ ಒಂದು ಕಾಲಕ್ಕೆ ಕೋಟಿಗಟ್ಟಲೆ ಇದ್ದ ಈ ಹಕ್ಕಿಗಳ ಮೂರು ಜಾತಿಗಳು 1990ರ ದಶಕದಿಂದೀಚೆಗೆ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ನಾಶವಾದವು. ಕಾರಣ ಡೈಕ್ಲೋಫೆನಾಕ್ ಎಂಬ ನೋವಿನ ಔಷಧವೆಂದು 2004ರಲ್ಲಿ ತಿಳಿಯಿತು. ರೈತ ತನ್ನ ದನದ ನೋವು ಕಡಿಮೆಯಾಗಲೆಂದು ಅದನ್ನು ಕೊಡಿಸಿದ್ದ. ದನ ಸತ್ತ ಮೇಲೆ ಅದರ ಮಾಂಸ ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸತ್ತವು. ಕೊಳೆತ ಹೆಣಗಳ ಸುತ್ತ ನಾಯಿಗಳು ಹೆಚ್ಚಿದವು, ಹುಚ್ಚುನಾಯಿ ರೋಗದ ಅಪಾಯ ಹೆಚ್ಚಿತು. ಹದ್ದುಗಳ ನಾಶದಿಂದಾಗಿ 2000ದಿಂದ 2005ರ ನಡುವೆ ಭಾರತದಲ್ಲಿ ಸುಮಾರು ಐದು ಲಕ್ಷ ಜನ ಹೆಚ್ಚುವರಿಯಾಗಿ ಸತ್ತರೆಂದು 2024ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ಅಂದಾಜು ಮಾಡಿದೆ.

ಆ ರೈತನನ್ನು ನಾವು ಪಾಪಿ ಎನ್ನಲಾರೆವು. ಅವನ ನಿಯ್ಯತ್ ಕರುಣೆಯದು, ಅವನಿಗೆ ತಿಳಿದಿರಲಿಲ್ಲ. ಆದರೆ 2006ರಲ್ಲಿ ದನಗಳಿಗೆ ಈ ಔಷಧ ಕೊಡಬಾರದೆಂದು ನಿಷೇಧ ಬಂತು, ಹದ್ದಿಗೆ ಹಾನಿಯಿಲ್ಲದ ಮೆಲೊಕ್ಸಿಕಾಮ್ ಬಂತು. ಆಮೇಲೂ ಮನುಷ್ಯರಿಗೆಂದು ಮಾಡಿದ ದೊಡ್ಡ ಬಾಟಲಿಗಳನ್ನು ದನಗಳಿಗೆ ಮಾರಿದವರಿಗೆ ಅದೇ ಕ್ಷಮೆ ಸಲ್ಲುವುದಿಲ್ಲ. ನಿಯ್ಯತ್ ಮನುಷ್ಯನನ್ನು ಕಾಯುತ್ತದೆ ನಿಜ. ಅದು ಕಾಯುವುದು ತಿಳಿಯದಿರುವ ತನಕ. ತಿಳಿದ ಮರುದಿನವೂ ಹಳೆಯ ಕೆಲಸವನ್ನೇ ಮುಂದುವರಿಸಿದರೆ ಆ ಮುಂದುವರಿಕೆಯೇ ಹೊಸ ನಿಯ್ಯತ್ ಆಗುತ್ತದೆ. ಸೀಸದ ಗುಂಡಿನ ಚರ್ಚೆ ನಮಗೆ ಕಲಿಸುವುದು ಇದನ್ನೇ. 1950ರ ಬೇಟೆಗಾರನೂ ಇಂದಿನ ಬೇಟೆಗಾರನೂ ಹಾರಿಸುವ ಗುಂಡು ಒಂದೇ ಇರಬಹುದು, ಅವರ ಹೊಣೆ ಒಂದೇ ಅಲ್ಲ.

ಇದು ಬೇಟೆಗಾರರಿಗೆ ಹೇಳಿ ಮುಗಿಸುವ ಮಾತೂ ಅಲ್ಲ. ಬಕ್ರೀದ್‌ನಂದು ನಾವು ಕುರ್ಬಾನಿಯ ಪ್ರಾಣಿಯ ವಯಸ್ಸು, ಅಂಗಾಂಗ ಎಲ್ಲವನ್ನೂ ಪರೀಕ್ಷಿಸುತ್ತೇವೆ. ಮಾಂಸವನ್ನು ಮೂರು ಪಾಲು ಮಾಡಿ ಹಂಚುತ್ತೇವೆ. ಚರಂಡಿಯ ಬಳಿ ಉಳಿದುಹೋದ ಕರುಳು ಮತ್ತು ರಕ್ತದ ಬಗ್ಗೆ ಅಷ್ಟೇ ಶ್ರದ್ಧೆ ಇದೆಯೇ? ಮರುದಿನ ಅದನ್ನು ಬರಿಗೈಯಲ್ಲಿ ಎತ್ತುವ ಪೌರಕಾರ್ಮಿಕನೂ ನಮ್ಮ ಕುರ್ಬಾನಿಯಿಂದ ಏನನ್ನೋ ಪಡೆದವನೇ ಅಲ್ಲವೇ? ಯಾವ ಫತ್ವಾದ ಪುಸ್ತಕವನ್ನೂ ತೆರೆಯದೆ ಇದಕ್ಕೆ ಉತ್ತರ ಹೇಳಬಹುದು.

ಬಿಸ್ಮಿಲ್ಲಾಹ್ ಎಂದು ಆರಂಭಿಸಿದ ಕೆಲಸ ಪ್ರಾಣಿಯ ಉಸಿರು ನಿಂತಾಗ ಮುಗಿಯುವುದಿಲ್ಲ. ಅದರ ಮಾಂಸ ಯಾರ ತಟ್ಟೆಗೆ ಹೋಯಿತು, ಉಳಿದದ್ದು ಯಾವ ಹಕ್ಕಿಯ ಕೊಕ್ಕಿಗೆ ಸಿಕ್ಕಿತು, ಅವರಿಗೆ ಏನಾಯಿತು ಎಂದು ವಿಚಾರಿಸುವವರೆಗೂ ಅದು ನಮ್ಮದೇ ಕೆಲಸ.